ಹಾಯಿದೋಣಿಯ ಕಿಟಕಿಗೆ ಗೋಣಿಕೊಪ್ಪದಿಂದ ಪರದೆ

ಮೊನ್ನೆ ಭಾನುವಾರ ಕೊಚ್ಚಿಯಿಂದ ವಾಪಸ್ ಬಂದೆ. ಆರು ಕಿಟಕಿ, ಹನ್ನೆರಡು ತುಂಡು ಪರದೆ. ಶುರು ಮಾಡಿದ್ದು ಜನವರಿಯಲ್ಲಿ, ಮುಗಿದದ್ದು ಮೇ ಕೊನೆಗೆ. ಮನೆಯ ಪರದೆ ಆಗಿದ್ದರೆ ಎರಡು ದಿನದ ಕೆಲಸ. ದೋಣಿಯ ಪರದೆ ಹೇಗೆ ಹೊಲಿಯುವುದು ಅಂತ ನಾನು ಕನ್ನಡದಲ್ಲಿ ಹುಡುಕಿದಾಗ ಒಂದು ಸಾಲೂ ಸಿಗಲಿಲ್ಲ. ಮುಂದೆ ಹುಡುಕುವವರಿಗೆ ಏನಾದರೂ ಸಿಗಲಿ ಅಂತ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ. ದೋಣಿ ಇಲ್ಲದಿದ್ದರೂ ಪರವಾಗಿಲ್ಲ. ವ್ಯಾನ್ ಒಳಗೆ ಮಲಗುವ ವ್ಯವಸ್ಥೆ ಮಾಡಿಕೊಂಡವರಿಗೂ ಇದರಲ್ಲಿ ಅರ್ಧದಷ್ಟು ಉಪಯೋಗಕ್ಕೆ ಬರುತ್ತದೆ.

ದೋಣಿ ನಮ್ಮ ಚಿಕ್ಕಪ್ಪನದು. ಕೊಡಗಿನಲ್ಲಿ ಸೇನೆಗೆ ಹೋದವರು ಊರೂರಿಗೂ ಇದ್ದಾರೆ, ಆದರೆ ಚಿಕ್ಕಪ್ಪ ಹಿಡಿದದ್ದು ನೌಕಾಪಡೆ. ದಕ್ಷಿಣ ಕಮಾಂಡ್ ಇರುವುದು ಕೊಚ್ಚಿಯಲ್ಲಿ, ಹಾಗಾಗಿ ಕೆಲಸದ ಕೊನೆಯ ವರ್ಷಗಳು ಅಲ್ಲೇ ಕಳೆದವು. ಹಾಯಿ ಕಟ್ಟಿ ಹೋಗುವ ತರಬೇತಿ ಹಡಗು ಐಎನ್‌ಎಸ್ ತರಂಗಿಣಿ ಇರುವುದೂ ಅಲ್ಲೇ. 1997ರಲ್ಲಿ ಅದು ನೌಕಾಪಡೆಗೆ ಸೇರಿದಾಗಿನಿಂದ ಚಿಕ್ಕಪ್ಪನಿಗೆ ಹಾಯಿಯ ಮೇಲೆ ಜೀವ. ನಿವೃತ್ತಿಯಾದ ಮೇಲೆ 28 ಅಡಿಯ ಒಂದು ಹಳೇ ಫೈಬರ್ ಹಾಯಿದೋಣಿ ಕೊಂಡರು. ವರ್ಷದಲ್ಲಿ ಅರ್ಧ ಗೋಣಿಕೊಪ್ಪದ ತೋಟ, ಅರ್ಧ ಕೊಚ್ಚಿ.

ಒಳಗಿನ ಪರದೆಗಳನ್ನು ಹೊಲಿದದ್ದು ಚಿಕ್ಕಮ್ಮ. ಅವರು ಈಗ ಇಲ್ಲ. ಅವರು ಹೋದ ಮೇಲೆ ಆ ಪರದೆ ಬದಲಾಯಿಸುವ ಮಾತನ್ನು ಯಾರೂ ಎತ್ತಿರಲಿಲ್ಲ.

ಜನವರಿಯಲ್ಲಿ ಸುಮ್ನೆ ನೋಡಿಕೊಂಡು ಬರೋಣ ಅಂತ ಹೋಗಿದ್ದೆ. ಕ್ಯಾಬಿನ್ ಒಳಗೆ ಕಾಲಿಟ್ಟ ಕೂಡಲೇ ಮಳೆಗಾಲದಲ್ಲಿ ಮುಚ್ಚಿಟ್ಟ ಟ್ರಂಕಿನ ವಾಸನೆ ಬಂತು. ಪರದೆಗಳಿಗೆ ಬೂಷ್ಟು ಹಿಡಿದು ಕಪ್ಪು ಚುಕ್ಕೆ ಚುಕ್ಕೆ ಆಗಿತ್ತು. ಕಬ್ಬಿಣದ ಕೊಕ್ಕೆಗಳು ತುಕ್ಕು ಬಿಟ್ಟು, ಬಟ್ಟೆಯ ಮೇಲೆ ಕಂದು ಗೆರೆ ಇಳಿದಿತ್ತು. ಬಿಸಿಲು ಬೀಳುವ ಕಡೆ ಬೆರಳಿಟ್ಟರೆ ಬಟ್ಟೆ ಹಪ್ಪಳದ ಹಾಗೆ ಹರಿದು ಬಂತು. ನಾನು ಏನೂ ಹೇಳಲಿಲ್ಲ. ಚಿಕ್ಕಪ್ಪನೇ, "ಪುಟ್ಟಿ, ಇದನ್ನ ನೀನೇ ಹೊಲಿದು ಕೊಡು. ಬೇರೆಯವರ ಕೈಗೆ ಕೊಡೋಕೆ ಮನಸ್ಸಿಲ್ಲ" ಅಂದರು. ಆಗಲಿ ಚಿಕ್ಕಪ್ಪ ಅಂದೆ. ಹಳೇ ಪರದೆಗಳನ್ನು ಬಿಚ್ಚಿ ಚೀಲಕ್ಕೆ ತುಂಬಿಕೊಂಡು ಬಂದೆ.

ಮನೆಯಲ್ಲಿ ಅವನ್ನು ಬಕೆಟ್ಟಿಗೆ ಹಾಕಿದೆ. ಮೂರು ಸಲ ನೀರು ಬದಲಾಯಿಸಿದ ಮೇಲೂ ನಾಲಿಗೆಗೆ ಉಪ್ಪು ತಾಗುತ್ತಿತ್ತು. ಬೂಷ್ಟು ಯಾಕೆ ಬಂತು ಅಂತ ಆಗ ತಿಳಿಯಿತು. ನಮ್ಮ ಅಡುಗೆಮನೆಯಲ್ಲಿ ಜುಲೈ ಬಂದರೆ ಉಪ್ಪಿನ ಭರಣಿ ತಾನಾಗೇ ನೀರು ಬಿಡುತ್ತದೆ ಅಲ್ವಾ, ಅದೇ ಕತೆ. ಒಮ್ಮೆ ಸಮುದ್ರದ ನೀರು ತಾಗಿದ ಹತ್ತಿ ಬಟ್ಟೆ ಮೇಲೆ ಒಣಗಿದ ಹಾಗೆ ಕಂಡರೂ ಒಳಗಿನ ಉಪ್ಪು ಗಾಳಿಯ ತೇವ ಎಳೆಯುತ್ತಲೇ ಇರುತ್ತದೆ. ಸಿಹಿ ನೀರಿನಲ್ಲಿ ಚೆನ್ನಾಗಿ ಜಾಲಿಸಿ ಉಪ್ಪು ಬಿಡಿಸುವ ತನಕ ಅದು ಸರಿಯಾಗಿ ಒಣಗುವುದಿಲ್ಲ.

ಅಳತೆಗೆ ಬೇಕು ಅಂತ ಒಂದು ಪರದೆಯ ಅಂಚು ಬಿಚ್ಚಿದೆ. ಹೊರಗೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದ ಬಟ್ಟೆ, ಮಡಿಕೆಯ ಒಳಗೆ ಮಾತ್ರ ಕಡು ನೀಲಿಯಾಗಿಯೇ ಉಳಿದಿತ್ತು. ಮೂಲೆ ಬಂದಲ್ಲೆಲ್ಲ ಚಿಕ್ಕಮ್ಮ ಮೆಷೀನ್ ಬಿಟ್ಟು ಕೈಹೊಲಿಗೆ ಹಾಕಿದ್ದರು, ಒಂದೊಂದು ಮೂಲೆಗೂ ಐದೈದು ಹೊಲಿಗೆ, ಎಣಿಸಿ ಇಟ್ಟ ಹಾಗೆ. ಅದನ್ನು ಬಿಚ್ಚಲು ಆಗಲಿಲ್ಲ. ಮಡಿಸಿ ಬೇರೆ ಎತ್ತಿಟ್ಟೆ.

ಕೆಲಸ ಕೂಡಲೇ ಶುರುವಾಗಲಿಲ್ಲ. ನಮ್ಮ ದಕ್ಷಿಣ ಕೊಡಗಿನಲ್ಲಿ ರೋಬಸ್ಟಾ ಜಾಸ್ತಿ. ಅರೇಬಿಕಾ ಮುಗಿದ ಮೇಲೆ ಅದರ ಕೊಯ್ಲು, ಹಾಗಾಗಿ ಫೆಬ್ರವರಿ ಮುಗಿಯುವ ತನಕ ಕಣದಲ್ಲಿ ಕಾಫಿ ಹರಡುವುದು, ಮಗುಚುವುದು, ಮೋಡ ಕಂಡರೆ ಓಡಿ ಮುಚ್ಚುವುದು. ಅದರ ನಡುವೆ ಒಂದು ಸಂಜೆ ಹಳೇ ಬೆಡ್‌ಶೀಟಿನಿಂದ ಹಳೇ ಪರದೆಯ ಅಳತೆಗೆ ಒಂದು ಮಾದರಿ ಹೊಲಿದು ಕೊಚ್ಚಿಗೆ ಕಳಿಸಿದೆ. ಚಿಕ್ಕಪ್ಪ ಹಾಕಿ ನೋಡಿ ಫೋನ್ ಮಾಡಿದರು. ಮೂರು ಸೆಂಟಿಮೀಟರ್ ಗಿಡ್ಡ.

ಹತ್ತಿ ಬಟ್ಟೆ ಅಷ್ಟು ವರ್ಷದಲ್ಲಿ ಕುಗ್ಗಿ ಹೋಗಿತ್ತು. ಕೆಳಗೆ ಸಾಲದೆ ಬಂದದ್ದಕ್ಕೆ ಚಿಕ್ಕಪ್ಪ ಎಲಾಸ್ಟಿಕ್ ಕಟ್ಟಿ ಎಳೆದಿಟ್ಟಿದ್ದರಂತೆ. ನನಗೆ ಅದು ಗೊತ್ತಿರಲಿಲ್ಲ. ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಹಳೇ ಪರದೆಯಿಂದ ಹೊಸ ಪರದೆಗೆ ಅಳತೆ ತೆಗೆಯಬೇಡಿ. ಕಿಟಕಿಯ ಹತ್ತಿರವೇ ಹೋಗಿ, ಕಿಟಕಿಯಿಂದಲೇ ತೆಗೆಯಿರಿ.

ಮಾರ್ಚ್ ಮಧ್ಯದಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂದು ತೋಟದಲ್ಲಿ ಸ್ವಲ್ಪ ಬಿಡುವಾಯಿತು. ಕೊಡಗಿಗೆ ರೈಲಿಲ್ಲ. ವಿರಾಜಪೇಟೆ ದಾಟಿ, ಮಾಕುಟ್ಟದ ಘಾಟಿ ಇಳಿದು, ಇರಿಟ್ಟಿ ಮೇಲೆ ಕಣ್ಣೂರಿಗೆ ಕಾರಿನಲ್ಲಿ ಹೋಗಿ ಅಲ್ಲಿಂದ ಎರ್ನಾಕುಲಂಗೆ ರೈಲು ಹಿಡಿದೆ. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟವಳು ದೋಣಿ ಹತ್ತುವಾಗ ಸಂಜೆ.

ದೋಣಿ ನಿಲ್ಲಿಸುವ ಕಟ್ಟೆಯ ಗೇಟಿನಲ್ಲಿ ಗುರುತಿನ ಚೀಟಿ ಕೇಳಿದರು. ನನ್ನ ಹತ್ತಿರ ಆಧಾರಿನ ಜೆರಾಕ್ಸ್ ಇತ್ತು, ಮೂಲ ಮನೆಯಲ್ಲಿ. ಚಿಕ್ಕಪ್ಪ ಬಂದು ಕರೆದುಕೊಂಡು ಹೋಗುವ ತನಕ ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತೆ. ಕೆಲಸಕ್ಕೆ ಹೋಗುವವರು ಮೂಲ ಗುರುತಿನ ಚೀಟಿ, ಮಾಲೀಕರಿಂದ ಎರಡು ಸಾಲಿನ ಪತ್ರ, ದೋಣಿಯ ಹೆಸರು, ಅದು ನಿಂತಿರುವ ಜಾಗದ ನಂಬರು, ಇಷ್ಟು ಇಟ್ಟುಕೊಳ್ಳಿ. ಕತ್ತರಿ, ಡ್ರಿಲ್ ಏನಾದರೂ ಒಯ್ಯುವುದಿದ್ದರೆ ಅದನ್ನೂ ಪತ್ರದಲ್ಲೇ ಬರೆಸಿಕೊಳ್ಳಿ.

ಈಗ ಕಿಟಕಿಯ ವಿಷಯ. ಮನೆಯ ಗೋಡೆ ನೇರ ನಿಂತಿರುತ್ತದೆ. ದೋಣಿಯ ಕ್ಯಾಬಿನ್ನಿನ ಗೋಡೆ ಮೇಲೆ ಹೋಗುತ್ತಾ ಒಳಕ್ಕೆ ವಾಲಿಕೊಂಡಿರುತ್ತದೆ. ಮನೆಯಲ್ಲಿ ಹಾಕುವ ಹಾಗೆ ಮೇಲೆ ಮಾತ್ರ ಕಂಬಿ ಹಾಕಿದರೆ ಪರದೆ ಗಾಜಿಗೆ ಅಂಟಿಕೊಂಡು ಇಳಿಯುವುದಿಲ್ಲ, ನೇರ ಕೆಳಗೆ ನೇತಾಡುತ್ತದೆ. ಕೆಳಗೆ ಕುಳಿತವರ ತಲೆಗೆ ತಾಗುತ್ತದೆ. ಗಾಳಿ ಹಿಡಿದು ದೋಣಿ ಒಂದು ಕಡೆ ವಾಲಿದಾಗಂತೂ ಪೂರಾ ಒಳಕ್ಕೆ ಬಂದು ಆಡುತ್ತದೆ. ಅದಕ್ಕೇ ಮೇಲೊಂದು ಕೆಳಗೊಂದು, ಎರಡು ಹಳಿ ಬೇಕು. ಪರದೆಯ ಎರಡೂ ಅಂಚಿಗೆ ಪುಟ್ಟ ಪ್ಲಾಸ್ಟಿಕ್ ಜಾರುಗುಂಡಿ ಹೊಲಿದು ಹಳಿಯೊಳಗೆ ತೂರಿಸುವುದು.

ಇನ್ನೊಂದು, ಕಿಟಕಿ ಚೌಕವಾಗಿರಲಿಲ್ಲ. ದೊಡ್ಡ ಕಿಟಕಿಗಳು 75 ಸೆಂಟಿಮೀಟರ್ ಉದ್ದ. ಹಿಂದಿನ ತುದಿಯಲ್ಲಿ ಹಳಿಯಿಂದ ಹಳಿಗೆ 28 ಸೆಂಟಿಮೀಟರ್, ಮುಂದಿನ ತುದಿಯಲ್ಲಿ 23. ಕಣ್ಣಿಗೆ ಇದು ಗೊತ್ತೇ ಆಗುವುದಿಲ್ಲ. ಟೇಪು ಹಿಡಿದು ಎರಡು ಸಲ ಬರೆದುಕೊಂಡೆ, ಎರಡೂ ಸಲ ಬೇರೆ ಬೇರೆ ಬಂತು. ಕೊನೆಗೆ ಟೇಪು ಬದಿಗಿಟ್ಟು ಪುಸ್ತಕಕ್ಕೆ ಹಾಕುವ ಬ್ರೌನ್ ಪೇಪರನ್ನು ಕಿಟಕಿಯ ಮೇಲೆ ಅಂಟಿಸಿ, ಹಳಿ ಬರುವ ಜಾಗವನ್ನು ಪೆನ್ಸಿಲಿನಲ್ಲಿ ಗೀಚಿ ಕತ್ತರಿಸಿಕೊಂಡೆ. ಆರು ಕಿಟಕಿಗೆ ಆರು ಕಾಗದ. ಒಂದೊಂದರ ಮೇಲೂ "ಎಡ 1", "ಬಲ 2" ಅಂತ ನಂಬರು, ದೋಣಿಯ ಮೂತಿ ಯಾವ ಕಡೆ ಅನ್ನುವುದಕ್ಕೆ ಒಂದು ಬಾಣದ ಗುರುತು. ಈ ಬಾಣ ಹಾಕಲು ಮರೆಯಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಕಾಗದ ಅಂಟಿಸುವಾಗಲೇ ಇನ್ನೊಂದು ತೊಂದರೆ ಕಣ್ಣಿಗೆ ಬಿತ್ತು. ಬಲಗಡೆ ಹಿಂದಿನ ಕಿಟಕಿಯ ಕೆಳಮೂಲೆಯಲ್ಲಿ ಟೇಪು ಹಿಡಿಯುತ್ತಲೇ ಇರಲಿಲ್ಲ. ಬೆರಳಿಟ್ಟು ನೋಡಿದರೆ ತೇವ. ಹಳೇ ಪರದೆ ಅಷ್ಟು ದಿನ ಅದನ್ನು ಮುಚ್ಚಿಟ್ಟಿತ್ತು. ಚಿಕ್ಕಪ್ಪ ಮೇಲೆ ಹೋಗಿ ಪೈಪಿನಿಂದ ನೀರು ಬಿಟ್ಟರು, ನಾನು ಒಳಗೆ ಟಾರ್ಚ್ ಹಿಡಿದು ಕುಳಿತೆ. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಚೌಕಟ್ಟಿನ ಸಂದಿಯಲ್ಲಿ ಒಂದು ಹನಿ ಮೂಡಿತು. ಅಲ್ಲೇ ಸ್ವಲ್ಪ ಹೊತ್ತು ತಡೆದು ನಿಂತು, ತೂಕ ಬಂದ ಮೇಲೆ ಜಾರಿ ಇಳಿಯಿತು. ಅದರ ಹಿಂದೆಯೇ ಇನ್ನೊಂದು.

ಹೊಸ ಪರದೆ ಹಾಕಿದ್ದರೆ ಅದಕ್ಕೂ ಅದೇ ಗತಿ ಆಗುತ್ತಿತ್ತು. ಆದ್ದರಿಂದ ಮೊದಲು ಸೋರಿಕೆ, ಆಮೇಲೆ ಪರದೆ ಅಂತ ತೀರ್ಮಾನ ಆಯಿತು. ಚಿಕ್ಕಪ್ಪ ಏಪ್ರಿಲ್‌ನಲ್ಲಿ ಆ ಕಿಟಕಿ ಪೂರ್ತಿ ಬಿಚ್ಚಿ, ಹಳೇ ಅಂಟನ್ನು ಕೆರೆದು ತೆಗೆದು ಹೊಸದಾಗಿ ಕೂರಿಸಿದರು. ಇಲ್ಲಿ ಒಂದು ಎಚ್ಚರಿಕೆ. ದೋಣಿಯ ಕಿಟಕಿ ಎಷ್ಟೋ ಸಲ ಗಾಜಲ್ಲ, ಅಕ್ರಿಲಿಕ್. ಪಾಲಿಸಲ್ಫೈಡ್ ಜಾತಿಯ ಅಂಟು ಅದಕ್ಕೆ ಆಗುವುದಿಲ್ಲ, ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ಅಕ್ರಿಲಿಕ್‌ಗೆ ಅಂತಲೇ ಬರುವ ಸಿಲಿಕೋನ್ ಹಾಕಿಸಿ. ಒರೆಸಲು ಅಮೋನಿಯಾ ಇರುವ ಗಾಜಿನ ಸ್ಪ್ರೇ, ಸ್ಪಿರಿಟ್ ಯಾವುದನ್ನೂ ಬಳಸಬೇಡಿ, ಕೂದಲೆಳೆಯಂಥ ಬಿರುಕು ಬರುತ್ತದೆ. ಸ್ವಲ್ಪ ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು.

ಬಟ್ಟೆಯ ಕತೆ ಹೇಳಬೇಕು, ಅದರಲ್ಲೇ ನನಗೆ ಹೆಚ್ಚು ದಿನ ಹೋದದ್ದು. ಹತ್ತಿ ಬೇಡ ಅಂತ ಗೊತ್ತಾಗಿತ್ತು. ದೋಣಿಗಳಿಗೆ ಬಳಸುವುದು ಅಕ್ರಿಲಿಕ್ ಬಟ್ಟೆ. ಅದರಲ್ಲೂ ನೂಲು ಮಾಡುವ ಮೊದಲೇ, ದ್ರವದಲ್ಲಿರುವಾಗಲೇ ಬಣ್ಣ ಬೆರೆಸಿದ್ದು. ಬಣ್ಣ ಎಳೆಯ ಒಳಗೂ ಇರುವುದರಿಂದ ಬಿಸಿಲಿಗೆ ಬೇಗ ಮಾಸುವುದಿಲ್ಲ. ಗೋಣಿಕೊಪ್ಪ, ವಿರಾಜಪೇಟೆ, ಮೈಸೂರು ಮೂರೂ ಕಡೆ ಕೇಳಿದೆ. ಸೋಫಾ ಬಟ್ಟೆ ತೋರಿಸಿದರು, ಛತ್ರಿ ಬಟ್ಟೆ ತೋರಿಸಿದರು, ಇದು ಸಿಗಲಿಲ್ಲ. ಆನ್‌ಲೈನ್‌ನಲ್ಲಿ ಒಂದು ಅಂಗಡಿಯಿಂದ ಮೂರು ಮೀಟರ್ ತರಿಸಿದೆ. ಹನ್ನೊಂದು ದಿನಕ್ಕೆ ಬಂತು.

ಬಿಚ್ಚಿ ನೋಡಿದರೆ ಹಿಂಬದಿ ಬಿಳಚಿಕೊಂಡಿದೆ. ಅಂಚಿನಿಂದ ಒಂದು ಎಳೆ ಎಳೆದು ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಚೂರು ನೀಲಿ, ಒಂದು ಚೂರು ಬಿಳಿ, ಮತ್ತೆ ನೀಲಿ. ಅಂದರೆ ನೇಯ್ದ ಮೇಲೆ ಮೇಲಿನಿಂದ ಅಚ್ಚು ಹಾಕಿದ ಬಣ್ಣ. ಮುಟ್ಟಿದರೇ ಪಾಲಿಯೆಸ್ಟರ್ ಅಂತ ಗೊತ್ತಾಗುತ್ತಿತ್ತು. ಫೋನ್ ಮಾಡಿದೆ, ಎರಡು ದಿನ ಯಾರೂ ಎತ್ತಲಿಲ್ಲ. ಆಮೇಲೆ ಪೊಟ್ಟಣ ಬಿಚ್ಚುವಾಗಿನ ವಿಡಿಯೋ ಕೇಳಿದರು. ನನ್ನ ಹತ್ತಿರ ಇರಲಿಲ್ಲ. ಬಿಲ್ಲು, ಆರ್ಡರಿನಲ್ಲಿ ಬರೆದಿದ್ದ ವಿವರದ ಸ್ಕ್ರೀನ್‌ಶಾಟ್, ಎಳೆಯ ಹತ್ತಿರದ ಫೋಟೋ, ಎಲ್ಲ ಕಳಿಸಿ ಹದಿನೆಂಟು ದಿನ ಕಾದೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಫೋನ್ ನೋಡುವುದು, ಬೇಜಾರು ಮಾಡಿಕೊಳ್ಳುವುದು. ದುಡ್ಡು ಕೊನೆಗೆ ವಾಪಸ್ ಬಂತು, ಕಳಿಸಿದ ಕೊರಿಯರಿನ 420 ರೂಪಾಯಿ ಮಾತ್ರ ಬರಲಿಲ್ಲ. ಕೊರಿಯರಿನ ರಸೀದಿ ಇಟ್ಟುಕೊಂಡಿದ್ದರಿಂದ ಅಷ್ಟಾದರೂ ಆಯಿತು. ನೀವು ತರಿಸುವುದಾದರೆ ಮೊದಲು ಅಂಗೈ ಅಗಲದ ಮಾದರಿ ತುಂಡು ಕೇಳಿ, ಎಳೆ ಎಳೆದು ನೋಡಿ, ಆಮೇಲೆ ದುಡ್ಡು ಕಟ್ಟಿ. ಪೊಟ್ಟಣ ಬಿಚ್ಚುವಾಗ ಯಾರಿಗಾದರೂ ಹೇಳಿ ವಿಡಿಯೋ ಮಾಡಿಸಿ.

ಎರಡನೇ ಸಲ ಬೇರೆ ಕಡೆಯಿಂದ ಮಾದರಿ ತರಿಸಿ, ಸರಿ ಅನಿಸಿದ ಮೇಲೆ ಕೊಂಡೆ. ಬಣ್ಣ ಕಡು ನೀಲಿ. ಹಳೇ ಪರದೆಯ ಮಡಿಕೆಯೊಳಗಿದ್ದ ಬಣ್ಣಕ್ಕೆ ಪಕ್ಕ ಇಟ್ಟು ಆರಿಸಿದೆ.

ಬಟ್ಟೆ ಕೈಗೆ ಬರುವಾಗ ಏಪ್ರಿಲ್ ಮುಗಿಯುತ್ತಾ ಬಂದಿತ್ತು. ಕೇರಳಕ್ಕೆ ಮುಂಗಾರು ಕಾಲಿಡುವುದು ಸಾಮಾನ್ಯವಾಗಿ ಜೂನ್ 1ಕ್ಕೆ. ಆಮೇಲೆ ನಮ್ಮ ಕಡೆಯ ಘಾಟಿಯನ್ನು ನಂಬುವ ಹಾಗಿಲ್ಲ. 2018ರ ಮಳೆಗೆ ಮಾಕುಟ್ಟದ ರಸ್ತೆ ಕುಸಿದು ಓಡಾಟವೇ ನಿಂತಿತ್ತು. ಹಾಗಾಗಿ ಮೇ ಒಳಗೆ ಮುಗಿಸಲೇಬೇಕಿತ್ತು.

ಹೊಲಿಯಲು ಕುಳಿತರೆ ಸಂಜೆ ಆಗುತ್ತಲೇ ಗುಡುಗು, ಕರೆಂಟ್ ಹೋಯಿತು. ಮೋಟಾರಿನ ಮೆಷೀನ್ ಬಿಟ್ಟು ಅಮ್ಮನ ಹಳೇ ಕಾಲುಮೆಷೀನಿಗೆ ಎಣ್ಣೆ ಬಿಟ್ಟೆ. ದಪ್ಪ ಬಟ್ಟೆಗೆ ಅದೇ ಒಳ್ಳೆಯದಾಯಿತು, ನಿಧಾನಕ್ಕೆ ಒಂದೊಂದೇ ಹೊಲಿಗೆ ಹಾಕಬಹುದು. ಸೂಜಿ 16ನೇ ನಂಬರು. ನೂಲು ಮಾತ್ರ ಹತ್ತಿಯದ್ದು ಬೇಡ, ಬಿಸಿಲು ತಡೆಯುವ ಪಾಲಿಯೆಸ್ಟರ್ ನೂಲೇ ಬೇಕು. ಬಟ್ಟೆ ಗಟ್ಟಿಯಿದ್ದು ನೂಲು ಮೊದಲು ಹೋದರೆ ಏನು ಪ್ರಯೋಜನ? ಈ ಬಟ್ಟೆಯ ಅಂಚು ಬಹಳ ಬೇಗ ಬಿಚ್ಚಿಕೊಳ್ಳುತ್ತದೆ. ಬೆಸುಗೆ ಹಾಕುವ ಸೋಲ್ಡರಿಂಗ್ ಕಡ್ಡಿಯ ಬಿಸಿ ಮೊನೆಯನ್ನು ಅಂಚಿನಗುಂಟ ಎಳೆದರೆ ಕರಗಿ ಕೂಡಿಕೊಳ್ಳುತ್ತದೆ. ಬಾಗಿಲು ತೆರೆದಿಟ್ಟು ಮಾಡಿ, ಹೊಗೆ ತಲೆನೋವು ತರಿಸುತ್ತದೆ. ಇಸ್ತ್ರಿ ಪೆಟ್ಟಿಗೆ ಜೋರು ಬಿಸಿ ಇಟ್ಟು ತಾಗಿಸಬೇಡಿ.

ಅಗಲಕ್ಕೆ ಕಿಟಕಿಯ ಒಂದೂವರೆ ಪಟ್ಟು ಬಟ್ಟೆ ಇಟ್ಟೆ. ಮನೆಯಲ್ಲಿ ಇಡುವ ಹಾಗೆ ಎರಡು ಪಟ್ಟು ಇಟ್ಟರೆ, ಸರಿಸಿದಾಗ ಗಂಟು ಕಟ್ಟಿ ಅರ್ಧ ಕಿಟಕಿಯನ್ನು ಅದೇ ನುಂಗುತ್ತದೆ. ಎತ್ತರದಲ್ಲಿ ಕಾಗದಕ್ಕಿಂತ ಅರ್ಧ ಸೆಂಟಿಮೀಟರ್ ಕಡಿಮೆ. ಬಿಗಿಯಾದರೆ ಜಾರುಗುಂಡಿ ಸಿಕ್ಕಿಹಾಕಿಕೊಳ್ಳುತ್ತದೆ. ಕಿಟಕಿಯ ಕಡೆ ಬರುವ ಬದಿಗೆ ಬೆಳಕು ತಡೆಯುವ ಲೈನಿಂಗ್ ಕೊಟ್ಟೆ.

ಎಂಟು ತುಂಡು ಮುಗಿಸಿ ಕಾಗದದ ಮೇಲೆ ಇಟ್ಟು ನೋಡುವಾಗ ಎದೆ ಧಸಕ್ಕೆಂದಿತು. ಎಡದ ಕಿಟಕಿ ಬಲದ ಕಿಟಕಿಗೆ ಕನ್ನಡಿಯ ಪ್ರತಿಬಿಂಬ. ನಾನು ಬಲ 2ರ ಎರಡು ತುಂಡನ್ನು ಕಾಗದ ಮಗುಚದೆ ಕತ್ತರಿಸಿದ್ದೆ. ಅವನ್ನು ಹಾಕಿದರೆ ಎತ್ತರದ ತುದಿ ಮುಂದಕ್ಕೆ ಬರುತ್ತದೆ, ಇಲ್ಲವೇ ಲೈನಿಂಗ್ ಒಳಕ್ಕೆ ತಿರುಗುತ್ತದೆ. ರಾತ್ರಿ ಊಟ ಸೇರಲಿಲ್ಲ. ಲೆಕ್ಕಕ್ಕೆ ಎರಡು ಮೀಟರ್ ಚಿಲ್ಲರೆ ಸಾಕಾಗಿದ್ದರೂ ಮೂರು ಮೀಟರ್ ತರಿಸಿದ್ದರಿಂದ ಬಚಾವಾದೆ. ಆಮೇಲೆ ಒಂದೊಂದು ತುಂಡು ಕತ್ತರಿಸುವ ಮೊದಲೂ ಬಾಣ ಯಾವ ಕಡೆ ಅಂತ ಬಾಯಿಬಿಟ್ಟು ಹೇಳಿಕೊಂಡೇ ಕತ್ತರಿ ಹಾಕಿದೆ.

ಹಳಿಗಳು ಎರಡೆರಡು ಮೀಟರ್ ಉದ್ದದವು, ಗೋಣಿಕೊಪ್ಪಕ್ಕೆ ತರಿಸಿ ಮತ್ತೆ ರೈಲಿನಲ್ಲಿ ಒಯ್ಯುವುದು ಕಷ್ಟ. "ಅದನ್ನ ಇಲ್ಲಿಗೇ ಹಾಕಿಸು ಪುಟ್ಟಿ, ನಾನು ಇಳಿಸಿಕೊಳ್ತೇನೆ" ಅಂದರು ಚಿಕ್ಕಪ್ಪ. ಹಾಗೇ ಮಾಡಿದೆವು.

ಮೇ ಕೊನೆಯ ವಾರ ಹೊರಟೆ. ಈ ಸಲ ಮೂಲ ಆಧಾರ್ ಪರ್ಸಿನಲ್ಲಿತ್ತು. ಚಿಕ್ಕಪ್ಪ ಹಳೇ ಮೊಳೆಯ ತೂತುಗಳನ್ನು ಎಪಾಕ್ಸಿ ತುಂಬಿ ಉಜ್ಜಿ ಇಟ್ಟಿದ್ದರು. ಹಳಿ ಕೂರಿಸಲು 10 ಮಿಲಿಮೀಟರಿನ ಸ್ಟೇನ್‌ಲೆಸ್ ಸ್ಕ್ರೂ, ಅದೂ 316 ದರ್ಜೆಯದ್ದು. ಸಾಮಾನ್ಯ ಸ್ಕ್ರೂ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ಉದ್ದದ ಸ್ಕ್ರೂ ಹಾಕಿದರೆ ಗೋಡೆ ತೂರಿ ಆಚೆ ಬಂದು ಹೊಸ ಸೋರಿಕೆ ಶುರು. ಡ್ರಿಲ್ ಬಿಟ್ಟಿಗೆ ತುದಿಯಿಂದ 8 ಮಿಲಿಮೀಟರ್ ಬಿಟ್ಟು ಬಣ್ಣದ ಟೇಪು ಸುತ್ತಿಕೊಂಡೆವು, ಟೇಪು ತಾಗಿದಲ್ಲಿಗೆ ನಿಲ್ಲಿಸುವುದು. ಬಗ್ಗಿಕೊಂಡೇ ಮಾಡುವ ಕೆಲಸ, ಒಳಗೆ ವಿಪರೀತ ಸೆಕೆ. ಒಂದೂವರೆ ದಿನ ಹಿಡಿಯಿತು. ಸ್ಟವ್ ಹತ್ತಿರದ ಕಿಟಕಿಯ ಪರದೆಯನ್ನು ಅಡುಗೆ ಮಾಡುವಾಗ ಆಚೆ ತುದಿಗೆ ಸರಿಸಿ ಕಟ್ಟಲು ಒಂದು ಪಟ್ಟಿ ಬೇರೆ ಹೊಲಿದಿದ್ದೆ. ಈ ಬಟ್ಟೆಗೆ ಬೆಂಕಿ ತಾಗಿದರೆ ಕರಗಿ ಉರಿಯುತ್ತದೆ, ಹಾಗಾಗಿ ಆ ಪಟ್ಟಿ ಬೇಕೇ ಬೇಕು.

ಖರ್ಚು ಕೇಳುವವರಿಗೆ: ಬಟ್ಟೆ ಮೀಟರಿಗೆ 1,850ರಂತೆ ಮೂರು ಮೀಟರಿಗೆ 5,550. ಲೈನಿಂಗ್ 720, ನೂಲು 350, ಹಳಿ ಹತ್ತು ಮೀಟರಿಗೆ 1,800, ಜಾರುಗುಂಡಿ 150ಕ್ಕೆ 600, ಸ್ಕ್ರೂ 350. ಒಟ್ಟು 9,370. ವಾಪಸ್ ಕಳಿಸಿದ ಕೊರಿಯರ್ 420. ಮಾರ್ಚ್ ಮತ್ತು ಮೇ, ಎರಡು ಸಲದ ಓಡಾಟಕ್ಕೆ 7,200. ಎಲ್ಲ ಸೇರಿ 16,990. ಸಿಲಿಕೋನ್ ಖರ್ಚು ಚಿಕ್ಕಪ್ಪ ಹೇಳಲಿಲ್ಲ, ನನ್ನ ಕೂಲಿ ನಾನು ಹಾಕಲಿಲ್ಲ.

ಕೊನೆಯ ಪರದೆ ಹಾಕಿದ ಮೇಲೆ ಚಿಕ್ಕಪ್ಪ ಎಲ್ಲವನ್ನೂ ಮುಚ್ಚಿದರು. ನಡುಮಧ್ಯಾಹ್ನ ಕ್ಯಾಬಿನ್ ಕತ್ತಲಾಯಿತು. ಆಮೇಲೆ ಒಂದೊಂದೇ ತೆರೆದರು, ಎಲ್ಲೂ ಸಿಕ್ಕಿಹಾಕಿಕೊಳ್ಳಲಿಲ್ಲ. ಎಡ 1ರ ಹತ್ತಿರ ನಿಂತು ಮೂಲೆಯನ್ನು ಬೆರಳಲ್ಲಿ ಸವರಿದರು. ನಾನೂ ಮೂಲೆಗಳಿಗೆ ಕೈಹೊಲಿಗೆ ಹಾಕಿದ್ದೆ, ಐದೈದು. "ಅವಳೂ ಹೀಗೇ ಹಾಕ್ತಿದ್ದಳು" ಅಂದರು. "ಅದನ್ನ ನೋಡಿಯೇ ಹಾಕಿದೆ ಚಿಕ್ಕಪ್ಪ" ಅಂದೆ. ಎತ್ತಿಟ್ಟಿದ್ದ ಹಳೇ ತುಂಡನ್ನು ಆಗ ಕೊಟ್ಟೆ. ದಿಕ್ಸೂಚಿ ಇಡುವ ಮರದ ಪೆಟ್ಟಿಗೆಯ ಒಳಗೆ, ನೀಲಿ ಬದಿ ಮೇಲೆ ಬರುವ ಹಾಗೆ ಹಾಸಿದರು.

ಉಳಿದ ಜಾರುಗುಂಡಿ, ನೂಲು, ಅರ್ಧ ಮೀಟರ್ ಬಟ್ಟೆ ಮತ್ತು ಆರು ಕಾಗದಗಳನ್ನು ಗಾಳಿಯಾಡದ ಡಬ್ಬಕ್ಕೆ ಹಾಕಿ ಸೀಟಿನ ಕೆಳಗೆ ಇಟ್ಟು ಬಂದಿದ್ದೇನೆ. ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ: ಬಾಣ ದೋಣಿಯ ಮೂತಿಯ ಕಡೆಗೆ.